‘ಒಂದು ಕಡಿಮೆ ಇದೆ ಅನ್ಸುತ್ತೆ ಸರ್’: ಹಿರಿಯ ಸರ್ಜನ್‌ಗಳಿಗೆ, ಆಸ್ಪತ್ರೆ ನಡೆಸುವವರಿಗೆ ಒಬ್ಬ ಓಟಿ ನರ್ಸ್‌ನ ಬಹಿರಂಗ ಪತ್ರ

ಮಾನ್ಯರೇ,

ನಾನು ಮಂಗಳೂರಿನಲ್ಲಿ ಓಟಿ ನರ್ಸ್, ಅಂದರೆ ಆಪರೇಷನ್ ಥಿಯೇಟರ್ ನರ್ಸ್. 2008ರಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವಳು. ಈ ಪತ್ರವನ್ನು ಟೈಪ್ ಮಾಡಿ ಮೆಡಿಕಲ್ ಸೂಪರಿಂಟೆಂಡೆಂಟ್ ಕೈಗೆ ಕೊಡಬಹುದಿತ್ತು. ಕೊಟ್ಟರೆ ಏನಾಗುತ್ತದೆ ಅಂತ ಗೊತ್ತು. ಅದು ಫೈಲಿಗೆ ಹೋಗುತ್ತದೆ, ನನಗೊಂದು ಕರೆ ಬರುತ್ತದೆ, ಅಲ್ಲಿಗೆ ಮುಗಿಯಿತು. ಅದಕ್ಕೇ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಬರೆಯುತ್ತಿದ್ದೇನೆ. ಯಾವ ಆಸ್ಪತ್ರೆಯ ಹೆಸರನ್ನೂ ಹೇಳುವುದಿಲ್ಲ, ಯಾವ ಡಾಕ್ಟರ ಹೆಸರನ್ನೂ ಹೇಳುವುದಿಲ್ಲ. ಒಬ್ಬರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ನನಗೆ ಬೇಕಾಗಿಲ್ಲ.

ಮೊದಲು ನಡೆದದ್ದನ್ನು ಹೇಳುತ್ತೇನೆ.

ಕೆಲಸಕ್ಕೆ ಸೇರಿ ಆರನೇ ವರ್ಷ. ಆ ದಿನ ಅದು ನಾಲ್ಕನೇ ಕೇಸ್. ಗರ್ಭಕೋಶ ತೆಗೆಯುವ ಆಪರೇಷನ್. ರಕ್ತ ಸ್ವಲ್ಪ ಜಾಸ್ತಿ ಹೋಗಿತ್ತು, ಮಾಪ್‌ಗಳು ಒಂದರ ಹಿಂದೆ ಒಂದು ಬೇಕಾದವು. ಓಟಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಾಪ್ ಅಂದರೆ ರಕ್ತ ಹೀರುವ ದಪ್ಪನೆ ಬಟ್ಟೆ. ಎಷ್ಟು ತೆರೆದೆವು ಅಂತ ಬೋರ್ಡಿನ ಮೇಲೆ ಬರೆಯುತ್ತೇವೆ, ಹೊಟ್ಟೆ ಮುಚ್ಚುವ ಮುಂಚೆ ಅಷ್ಟೂ ಲೆಕ್ಕಕ್ಕೆ ಸಿಗಬೇಕು. ಬೋರ್ಡಿನಲ್ಲಿ 15 ಇತ್ತು. ನನ್ನ ಟ್ರಾಲಿ, ಕೆಳಗಿನ ಬಕೆಟ್ ಎಲ್ಲ ಸೇರಿಸಿದರೆ 14. ಕೆಳಗೆ ನಿಂತಿದ್ದ ಸಿಸ್ಟರ್ ಜೊತೆ ಸೇರಿ ಇನ್ನೊಂದು ಸಲ ಎಣಿಸಿದೆ. 14.

ನಾನು ಆಗ ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ. ‘ಸರ್, ಒಂದು ಮಾಪ್ ಕಡಿಮೆ ಇದೆ ಅನ್ಸುತ್ತೆ.’

ಎರಡು ಸಲ ಎಣಿಸಿದ್ದೆ. ಅದರಲ್ಲಿ ಅನಿಸುವುದಕ್ಕೆ ಏನೂ ಇರಲಿಲ್ಲ. ಕಡಿಮೆ ಇತ್ತು. ಆದರೂ ಆ ‘ಅನ್ಸುತ್ತೆ’ ತಾನಾಗಿಯೇ ಬಾಯಿಗೆ ಬಂತು. ಎದುರಿಗಿದ್ದವರು ನಾನು ಹುಟ್ಟುವ ಹೊತ್ತಿಗೆ ಎಂಬಿಬಿಎಸ್ ಓದುತ್ತಿದ್ದವರು, ಒಳ್ಳೆಯ ಕೈ, ಅವರ ಹತ್ತಿರ ಬದುಕಿ ಹೋದವರನ್ನು ನಾನೇ ಎಷ್ಟೋ ಜನರನ್ನು ನೋಡಿದ್ದೇನೆ. ಅಂಥವರಿಗೆ ‘ಕಡಿಮೆ ಇದೆ, ಮುಚ್ಚಬೇಡಿ’ ಅಂತ ಹೇಳಿದರೆ ಅದು ಎದುರು ಮಾತಾಗುತ್ತದೆ. ‘ಅನ್ಸುತ್ತೆ’ ಅಂದರೆ ಬರೀ ಮಾತು. ಅವರು ಬೇಕಾದರೆ ತೆಗೆದುಕೊಳ್ಳಬಹುದು, ಬೇಡವಾದರೆ ಬಿಡಬಹುದು.

‘ಒಳಗೆ ಏನೂ ಇಲ್ಲ, ನಾನು ನೋಡಿದ್ದೇನೆ. ನೀನು ಸರಿಯಾಗಿ ಎಣಿಸು’ ಅಂದರು. ಮತ್ತೆ ಎಣಿಸಿದೆ. ‘ಸರ್, ಇನ್ನೊಂದು ಸಲ ನೋಡೋಣವಾ?’ ಅಂದೆ. ಅವರು ಉತ್ತರ ಕೊಡಲಿಲ್ಲ. ಕೈ ಚಾಚಿದರು. ಹೊಲಿಗೆ ಹಾಕುವಾಗ ಸೂಜಿ ಹಿಡಿಯುವ ನೀಡಲ್ ಹೋಲ್ಡರ್ ಅನ್ನು ನಾನು ಕೊಟ್ಟೆ.

ಮೂರನೇ ಸಲ ಹೇಳಲಿಲ್ಲ. ಕೊಳೆ ಬಟ್ಟೆಯ ಜೊತೆ ಹೋಗಿರಬೇಕು ಅಂತ ಯಾರೋ ಅಂದರು. ಫಾರ್ಮಿನಲ್ಲಿ ಟಿಕ್ ಬಿತ್ತು. ಆರನೇ ದಿನ ಆ ಹೆಂಗಸಿಗೆ ಜ್ವರ, ಹೊಟ್ಟೆನೋವು. ಎಕ್ಸ್‌ರೇ ತೆಗೆದರು. ಮಾಪ್‌ನಲ್ಲಿ ಎಕ್ಸ್‌ರೇಗೆ ಕಾಣಲಿ ಅಂತಲೇ ಒಂದು ದಾರ ನೇಯ್ದಿರುತ್ತಾರೆ. ಅದು ಬೆಳ್ಳಗೆ, ಸುರುಳಿ ಸುರುಳಿಯಾಗಿ ಕಾಣುತ್ತಿತ್ತು. ಆ ಫಿಲ್ಮ್ ಬೆಳಕಿಗೆ ಹಿಡಿದಾಗ ನಾನು ಅಲ್ಲೇ ಇದ್ದೆ.

ಹೊಟ್ಟೆ ಮತ್ತೆ ತೆರೆಯಬೇಕಾಯಿತು. ಬದುಕಿದರು, ದೇವರ ದಯೆ. ಆದರೆ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದ ಹೆಂಗಸು ಎರಡು ತಿಂಗಳು ನೆಟ್ಟಗೆ ಕೂರಲಿಕ್ಕೆ ಆಗದೆ ಮಲಗಿದ್ದರು. ಮೆಮೋ ಬಂದದ್ದು ನನಗೆ, ‘ಎಣಿಕೆಯಲ್ಲಿ ನಿರ್ಲಕ್ಷ್ಯ’ ಅಂತ. ನನ್ನ ಎಣಿಕೆ ಸರಿ ಇತ್ತು! ಮೂರು ಸಲವೂ ಸರಿ ಇತ್ತು.

ಆಮೇಲೆ ಬಹಳ ಕಾಲ ನನ್ನನ್ನೇ ಬೈದುಕೊಂಡೆ. ಧೈರ್ಯ ಇಲ್ಲದವಳು, ನೀಡಲ್ ಹೋಲ್ಡರ್ ಕೊಡದೆ ನಿಂತಿದ್ದರೆ ಆಗುತ್ತಿತ್ತು ಅಂತ. ಈಗ ಹಾಗೆ ಅನಿಸುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ನಮ್ಮೂರಿನ ಆ ಶನಿವಾರದ ವಿಷಯಕ್ಕೆ ಬರಬೇಕು.

2010 ಮೇ 22. ನಾನಾಗ ಕ್ಯಾಶುವಾಲ್ಟಿಯಲ್ಲಿದ್ದೆ, ನೈಟ್ ಡ್ಯೂಟಿ ಮುಗಿಯುವ ಹೊತ್ತು. ಬಜ್ಪೆಯಲ್ಲಿ ದುಬೈ ವಿಮಾನ ಬಿದ್ದಿದೆ ಅಂತ ಸುದ್ದಿ ಬಂತು. ಯಾರೂ ಮನೆಗೆ ಹೋಗಲಿಲ್ಲ. ಇದ್ದ ರೋಗಿಗಳನ್ನು ವಾರ್ಡಿಗೆ ಸಾಗಿಸಿದೆವು, ಬೆಡ್ ಖಾಲಿ ಮಾಡಿದೆವು, ಡ್ರಿಪ್ ಸೆಟ್ ಬಿಚ್ಚಿ ಸ್ಟ್ಯಾಂಡಿಗೆ ತೂಗುಹಾಕಿದೆವು, ಸುಟ್ಟ ಗಾಯಕ್ಕೆ ಬೇಕಾದ್ದೆಲ್ಲ ಜೋಡಿಸಿದೆವು. ಕಾದೆವು. ಬೆಡ್‌ಗಳು ಖಾಲಿಯೇ ಉಳಿದವು. ವಿಮಾನದಲ್ಲಿದ್ದ 166 ಜನರಲ್ಲಿ ಬದುಕಿದ್ದು 8 ಜನ. ಮಧ್ಯಾಹ್ನದ ಹೊತ್ತಿಗೆ ನಮಗೆ ಅರ್ಥವಾಗಿತ್ತು. ಆ ತೂಗುಹಾಕಿದ ಡ್ರಿಪ್ ಸೆಟ್‌ಗಳನ್ನು ನಾವೇ ಒಂದೊಂದಾಗಿ ಕೆಳಗಿಳಿಸಿದೆವು.

ತನಿಖಾ ವರದಿಯಲ್ಲಿ ಏನಿದೆ ಅಂತ ನಾನು ತಿಳಿದುಕೊಂಡದ್ದು ಆಮೇಲೆ, ಮಾಪ್ ವಿಷಯ ನಡೆದ ನಂತರ. ಕ್ಯಾಪ್ಟನ್‌ಗೆ 10 ಸಾವಿರ ಗಂಟೆಗೂ ಮೇಲಿನ ಹಾರಾಟದ ಅನುಭವ. ಕಾಕ್‌ಪಿಟ್‌ನ ಧ್ವನಿ ದಾಖಲಾಗಿದ್ದು 2 ಗಂಟೆ 5 ನಿಮಿಷ, ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಅವರು ನಿದ್ದೆಯಲ್ಲಿದ್ದರು. ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಕೋ ಪೈಲಟ್ ‘ಗೋ ಅರೌಂಡ್’ ಅಂದರು. ಇಳಿಸಬೇಡಿ, ಮೇಲೆ ಹೋಗಿ ಮತ್ತೊಂದು ಸಲ ಬರೋಣ ಅಂತ ಅದರ ಅರ್ಥ. ಒಂದು ಸಲ ಅಲ್ಲ, ಮೂರು ಸಲ ಅಂದರು. ಯಂತ್ರವೂ ಕೂಗುತ್ತಲೇ ಇತ್ತು. ನಮ್ಮ ಬಜ್ಪೆಯ ರನ್‌ವೇ ಗುಡ್ಡದ ತಲೆ ಮೇಲಿದೆ, ಆಚೆ ತುದಿ ದಾಟಿದರೆ ಕಣಿವೆ. 8,033 ಅಡಿ ಉದ್ದದ ಆ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ.

ಹಾಗಾದರೆ ಕೋ ಪೈಲಟ್ ಯಾಕೆ ಕಂಟ್ರೋಲ್ ತನ್ನ ಕೈಗೆ ತೆಗೆದುಕೊಳ್ಳಲಿಲ್ಲ? ವರದಿ ಅದಕ್ಕೂ ಒಂದು ಕಾರಣ ಹೇಳಿದೆ. ಕೋ ಪೈಲಟ್ ತಾನೇ ಗೋ ಅರೌಂಡ್ ಮಾಡಬಹುದಾ ಅನ್ನುವುದರ ಬಗ್ಗೆ ಇದ್ದ ಬೇರೆ ಬೇರೆ ಸೂಚನೆಗಳು ಸ್ಪಷ್ಟವಾಗಿರಲಿಲ್ಲ, ಬಹುಶಃ ಅದಕ್ಕೇ ಅವರು ಹೇಳುತ್ತಾ ಹೋದರು, ಕೈ ಹಾಕಲಿಲ್ಲ ಅಂತ.

ಅದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು. ಆ ಮನುಷ್ಯನಿಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿದರು. ನನ್ನ ಹಾಗೆ ‘ಅನ್ಸುತ್ತೆ’ ಅನ್ನಲಿಲ್ಲ, ಎರಡಕ್ಕೇ ನಿಲ್ಲಿಸಲೂ ಇಲ್ಲ. ಆದರೆ ಹೇಳಿದ ಮೇಲೂ ಹಿರಿಯರು ಕೇಳದಿದ್ದರೆ ಮುಂದೇನು ಅನ್ನುವುದು ಖಚಿತವಾಗಿ ಬರೆದಿರಲಿಲ್ಲ. ಜೀವ ಹೋಗುವ ಆ ಕೆಲವು ಸೆಕೆಂಡುಗಳಲ್ಲಿ, ಬರೆಯದೆ ಬಿಟ್ಟ ಆ ನಿಯಮವನ್ನು ಒಬ್ಬ ಕಿರಿಯನೇ ಒಬ್ಬಂಟಿಯಾಗಿ ಬರೆದುಕೊಳ್ಳಬೇಕಿತ್ತು. ಕೂಳೂರಿನ ಹತ್ತಿರ ನದಿ ದಂಡೆಯಲ್ಲಿ ಸತ್ತವರ ಸ್ಮಾರಕ ಇದೆ. ಆ ಕಡೆ ಹೋದಾಗಲೆಲ್ಲ ನನಗೆ ಇದೇ ಯೋಚನೆ.

ವಿಮಾನದವರು ಈ ಪಾಠ ಕಲಿಯಲು ಶುರು ಮಾಡಿದ್ದು ಅದಕ್ಕೂ ಬಹಳ ಹಿಂದೆ. 1977 ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಅನುಮತಿ ಸಿಗುವ ಮೊದಲೇ ವಿಮಾನ ಓಡಿಸಿದ ಡಚ್ ಕ್ಯಾಪ್ಟನ್ ಸಾಮಾನ್ಯ ಪೈಲಟ್ ಅಲ್ಲ. ಇತರ ಪೈಲಟ್‌ಗಳಿಗೆ ಜಂಬೋ ಹಾರಿಸಲು ಕಲಿಸುವವರಲ್ಲೇ ಮುಖ್ಯಸ್ಥರು. ಪಕ್ಕದಲ್ಲಿ ಕೂತ ಕೋ ಪೈಲಟ್‌ನನ್ನು ಎರಡು ತಿಂಗಳ ಹಿಂದೆ ಪರೀಕ್ಷೆ ಮಾಡಿ ಪಾಸು ಮಾಡಿದವರೂ ಅವರೇ! ಆ ಕೋ ಪೈಲಟ್ ಒಂದು ಸಲ ‘ಇನ್ನೂ ಅನುಮತಿ ಬಂದಿಲ್ಲ’ ಅಂತ ತಡೆದಿದ್ದರು. ಕ್ಯಾಪ್ಟನ್ ‘ಗೊತ್ತು, ಕೇಳು’ ಅಂದರು. ಸ್ವಲ್ಪ ಹೊತ್ತಿನಲ್ಲೇ ಅವರು ಮತ್ತೆ ಹೊರಟಾಗ ಎರಡನೇ ಸಲ ತಡೆಯಲು ಆಗಲಿಲ್ಲ. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವಾ ಅಂತ ಪ್ರಶ್ನೆಯ ರೂಪದಲ್ಲಿ ಕೇಳಿದರು. ಬಿಟ್ಟಿದೆ ಅಂತ ಗಟ್ಟಿಯಾಗಿ ಉತ್ತರ ಬಂತು. ಅಲ್ಲಿಗೆ ಮುಗಿಯಿತು.

ಒಂದು ಸಲ ಹೇಳಿಸಿಕೊಂಡವರು ಎರಡನೇ ಸಲ ಯಾಕೆ ಬಾಯಿ ಬಿಡುವುದಿಲ್ಲ ಅಂತ ಓಟಿಯಲ್ಲಿ ನಿಂತವರಿಗೆ ವಿವರಿಸಬೇಕಾಗಿಲ್ಲ.

ನಮ್ಮ ಕೆಲಸಕ್ಕೇ ಸೇರಿದ ಘಟನೆ ಇನ್ನೊಂದಿದೆ. 2005ರಲ್ಲಿ ಇಂಗ್ಲೆಂಡಿನಲ್ಲಿ ಎಲೇನ್ ಬ್ರೋಮಿಲಿ ಅನ್ನುವ 37 ವರ್ಷದ ತಾಯಿ ಸೈನಸ್ ಆಪರೇಷನ್‌ಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಅನುಭವ ಇರುವ ಡಾಕ್ಟರುಗಳು ಟ್ಯೂಬ್ ಹಾಕುವುದರಲ್ಲೇ ಮುಳುಗಿಹೋದರು, ಸಮಯ ಹೋದದ್ದು ಗೊತ್ತಾಗಲಿಲ್ಲ. ಒಬ್ಬ ನರ್ಸ್ ಗಂಟಲು ತೆರೆಯುವ ಸೆಟ್ ತಂದು, ಇಲ್ಲಿದೆ ಅಂತ ಹೇಳಿದರು. ಯಾರೂ ತಿರುಗಿ ನೋಡಲಿಲ್ಲ. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಬೆಡ್ ಬೇಕು ಅಂತ ಹೇಳಿದರು, ಆಮೇಲೆ ತಾನೇ ಅತಿ ಮಾಡುತ್ತಿದ್ದೇನೆ ಅನ್ನುವ ಹಾಗೆ ಡಾಕ್ಟರುಗಳು ನೋಡಿದಂತಾಗಿ ಬೆಡ್ ಬೇಡ ಅಂದುಬಿಟ್ಟರು. 13 ದಿನದ ನಂತರ ಎಲೇನ್ ತೀರಿಕೊಂಡರು. ಅವರ ಗಂಡ ಪೈಲಟ್. ಏನು ನಡೆದಿದೆ ಅಂತ ಅವರಿಗೆ ತಕ್ಷಣ ಗೊತ್ತಾಯಿತು, ಯಾಕೆಂದರೆ ಅವರ ಕೆಲಸದಲ್ಲಿ ಇದಕ್ಕೆ ಆಗಲೇ ತರಬೇತಿ ಇತ್ತು. ಯಾರಿಗೂ ಶಿಕ್ಷೆ ಕೊಡಿಸಲು ಅವರು ಓಡಾಡಲಿಲ್ಲ. ಆಸ್ಪತ್ರೆಗಳೂ ಇದನ್ನು ಕಲಿಯಲಿ ಅಂತ ಓಡಾಡಿದರು, ಸಂಸ್ಥೆ ಕಟ್ಟಿದರು.

ಇಲ್ಲಿ ನನ್ನದೂ ಒಂದು ತಪ್ಪು ಹೇಳಬೇಕು. ಈಗ ನಾನೂ ಸೀನಿಯರ್. ನನ್ನನ್ನು ಹುಡುಗಿಯರು ಅಕ್ಕ ಅನ್ನುತ್ತಾರೆ, ನನ್ನ ಮಾತಿಗೆ ಎದುರಾಡುವುದಿಲ್ಲ. ಕೆಲವು ವರ್ಷದ ಹಿಂದೆ ಒಂದು ಗಡಿಬಿಡಿಯ ರಾತ್ರಿ ಇಂಜೆಕ್ಷನ್ ಪುಡಿ ಕಲಸಲು ಟ್ರೇಯಿಂದ ನೀರಿನ ಆಂಪ್ಯೂಲ್ ಎತ್ತಿಕೊಂಡು ತುದಿ ಮುರಿದೆ. ಸೇರಿ ಮೂರು ತಿಂಗಳಾಗಿದ್ದ ಹುಡುಗಿ ಪಕ್ಕದಲ್ಲಿದ್ದಳು. ‘ಅಕ್ಕಾ, ಅದು ಕೆಸಿಎಲ್ ಅಲ್ವಾ?’ ಅಂದಳು, ಬಹಳ ಮೆಲ್ಲಗೆ. ‘ಸುಮ್ನೆ ಇರು, ನನಗೆ ಹೇಳಿಕೊಡ್ತೀಯಾ?’ ಅಂತ ಬಾಯಿಗೆ ಬಂದದ್ದು ಅಂದೇಬಿಟ್ಟೆ. ಅಂದ ಮೇಲೆ ಆಂಪ್ಯೂಲ್ ತಿರುಗಿಸಿ ನೋಡಿದೆ. ಪೊಟ್ಯಾಸಿಯಂ ಕ್ಲೋರೈಡ್. ಅದನ್ನು ಹಾಗೆಯೇ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ನನ್ನ ಕೈ ತಣ್ಣಗಾಯಿತು. ಆ ಹುಡುಗಿ ಆಗಲೇ ಹಿಂದೆ ಸರಿದು ನಿಂತಿದ್ದಳು, ತಪ್ಪು ಮಾಡಿದವಳ ಹಾಗೆ. ನಾನು ಒಂದು ಕ್ಷಣ ತಿರುಗಿಸಿ ನೋಡದೆ ಇದ್ದಿದ್ದರೆ ಅವಳು ಎರಡನೇ ಸಲ ಹೇಳುತ್ತಿರಲಿಲ್ಲ. ಅದು ನನಗೆ ಖಂಡಿತ ಗೊತ್ತು. ಬೈಸಿಕೊಂಡು ಬೆಳೆದವಳು ನಾನೇ ಬೈದೆ. ಮರುದಿನ ಎಲ್ಲರ ಎದುರಿಗೆ ಅವಳ ಕ್ಷಮೆ ಕೇಳಿದೆ, ಕೆಸಿಎಲ್ ಅನ್ನು ಆ ಟ್ರೇಯಿಂದ ತೆಗೆಸಿ ಬೇರೆ ಬೀಗದ ಡಬ್ಬಿಗೆ ಹಾಕಿಸಿದೆ.

ಹಾಗಾಗಿ ಇದು ಡಾಕ್ಟರು ಕೆಟ್ಟವರು, ನರ್ಸ್ ಒಳ್ಳೆಯವರು ಅನ್ನುವ ಮಾತಲ್ಲ ಸರ್. ಮೇಲೆ ಕೂತವರು ಯಾರಾದರೂ ಹೀಗೇ ಆಗುತ್ತಾರೆ. ನಿಮ್ಮಿಂದ ಪಿಜಿ ಓದುವ ಡಾಕ್ಟರಿಗೆ, ಅವರಿಂದ ಇಂಟರ್ನ್‌ಗೆ, ನಮ್ಮ ಇನ್‌ಚಾರ್ಜ್‌ನಿಂದ ನನಗೆ, ನನ್ನಿಂದ ಆ ಹುಡುಗಿಗೆ. ಅವಳಿಂದ ಆಯಾಗೆ. ಎಷ್ಟೋ ವಿಷಯ ಮೊದಲು ಕಾಣುವುದು ಆಯಾಗೇ, ಅವರನ್ನಂತೂ ಯಾರೂ ಕೇಳುವುದೇ ಇಲ್ಲ.

ಭಾಷೆಯದೂ ಒಂದು ಕಷ್ಟ ಇದೆ. ನಮ್ಮ ಓಟಿಯಲ್ಲಿ ಒಬ್ಬರದು ತುಳು, ಒಬ್ಬರದು ಮಲಯಾಳಂ, ಒಬ್ಬರದು ಕನ್ನಡ. ಡಾಕ್ಟರಿಗೆ ಏನಾದರೂ ಹೇಳಬೇಕಾದರೆ ಅದನ್ನು ಮೊದಲು ತಲೆಯೊಳಗೆ ಇಂಗ್ಲಿಷ್ ಮಾಡಿಕೊಳ್ಳಬೇಕು, ಆಮೇಲೆ ಅದಕ್ಕೆ ಮರ್ಯಾದೆ ಸೇರಿಸಬೇಕು, ಆಮೇಲೆ ಅವರು ತಲೆ ಎತ್ತುವ ತನಕ ಕಾಯಬೇಕು. ಅಷ್ಟರಲ್ಲಿ ಹೊಲಿಗೆ ಅರ್ಧ ಆಗಿರುತ್ತದೆ. ನಿಮಗೆ ನಾವು ಹೇಳುವುದು ‘ನೀವು’, ನಮಗೆ ನೀವು ಹೇಳುವುದು ‘ನೀನು’. ಎಷ್ಟೋ ಜನರಿಗೆ ಹತ್ತು ವರ್ಷ ಜೊತೆಗೆ ನಿಂತ ನರ್ಸ್‌ನ ಹೆಸರು ಗೊತ್ತಿಲ್ಲ, ‘ಸಿಸ್ಟರ್’ ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟ್ ನಿಮ್ಮೆಲ್ಲರ ಓಟಿಯಲ್ಲೂ ಇದೆ. 19 ಅಂಶ. ಚರ್ಮ ಕೊಯ್ಯುವ ಮೊದಲು ಅಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು ಅಂತ ಅದರಲ್ಲೇ ಇದೆ. ಅದು ಸುಮ್ನೆ ಶಿಷ್ಟಾಚಾರಕ್ಕೆ ಹಾಕಿದ್ದಲ್ಲ. ಶುರುವಿನಲ್ಲಿ ಒಂದು ಸಲ ಬಾಯಿ ತೆರೆದವರು ಆಮೇಲೆ ಬೇಕಾದಾಗ ತೆರೆಯುತ್ತಾರೆ. ದೆಹಲಿಯೂ ಸೇರಿ 8 ನಗರಗಳ 8 ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಆಪರೇಷನ್ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಇದು 2009ರಲ್ಲಿ ಪ್ರಕಟವಾದ ಲೆಕ್ಕ. ನಾವು ಅದನ್ನು ಏನು ಮಾಡಿದ್ದೇವೆ? ಕೇಸ್ ಮುಗಿದ ಮೇಲೆ, ಸ್ಟೇಷನ್‌ನಲ್ಲಿ ಕೂತು, ಚಹಾ ಕುಡಿಯುತ್ತಾ ಎಲ್ಲ ಬಾಕ್ಸ್‌ಗೂ ಟಿಕ್ ಹಾಕುತ್ತೇವೆ. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಇನ್‌ಸ್ಪೆಕ್ಷನ್‌ಗೆ ಫೈಲ್ ತಯಾರು. ನಾನು ಹಾಕಿದ್ದೇನೆ, ನೂರಾರು ಸಲ. ಇದು ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯಬೇಕು.

ನೀವು ಹೇಳುವುದು ನನಗೆ ಗೊತ್ತು. ‘ಕೊನೆಗೆ ಕೋರ್ಟಿಗೆ ಹೋಗುವವರು ನಾವು, ಹೊಣೆ ನಮ್ಮದು, ಹಾಗಾಗಿ ತೀರ್ಮಾನವೂ ನಮ್ಮದೇ.’ ಒಪ್ಪುತ್ತೇನೆ. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ನಂತರ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡ ತಾಯಿಯೊಬ್ಬರ ಹೊಟ್ಟೆಯಲ್ಲಿ ಹೀಗೇ ಬಟ್ಟೆ ಉಳಿದು ಅವರು ಸತ್ತುಹೋದರು. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1996ರಲ್ಲಿ. 33 ವರ್ಷ! ಇದು ನಿರ್ಲಕ್ಷ್ಯವೇ, ಸರ್ಕಾರವೇ ಹೊಣೆ ಅಂತ ಕೋರ್ಟ್ ಹೇಳಿತು. ನಿಮ್ಮ ಭಯ ಸುಳ್ಳಲ್ಲ. ಆದರೆ ಹೊಣೆ ನಿಮ್ಮದೇ ಆಗಿದ್ದರೆ, ಬಟ್ಟೆ ಎಣಿಸುವವಳು ‘ನಿಲ್ಲಿಸಿ’ ಅಂದಾಗ ಐದು ನಿಮಿಷ ನಿಲ್ಲುವುದು ನಿಮ್ಮನ್ನೇ ಉಳಿಸುವ ಕೆಲಸ ಅಲ್ವಾ?

ಅನುಭವಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ನಾಲಿಗೆ ಬಿದ್ದುಹೋದೀತು. ಏಕಾಏಕಿ ರಕ್ತ ಚಿಮ್ಮಿದಾಗ ಎಲ್ಲರೂ ಗಾಬರಿಯಾಗಿರುವಾಗ ಬೆರಳಿಟ್ಟು ಹಿಡಿದು, ‘ಏನಿಲ್ಲ, ಕ್ಲ್ಯಾಂಪ್ ಕೊಡು’ ಅನ್ನುವ ಆ ದನಿ ಹಿರಿಯರದ್ದೇ. ಆ ಹೊತ್ತಿನಲ್ಲಿ ಚರ್ಚೆ ಯಾರಿಗೂ ಬೇಡ. ಆದರೆ ಅಂಥ ಹಿರಿಯರೇ ಕೇಳಿಸಿಕೊಳ್ಳುವವರಾದರೆ ಏನಾಗುತ್ತದೆ ನೋಡಿ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಕಂಟ್ರೋಲ್‌ಗಳೆಲ್ಲ ಸತ್ತುಹೋದ ವಿಮಾನವನ್ನು ಆಲ್ ಹೇನ್ಸ್ ಅನ್ನುವ ಕ್ಯಾಪ್ಟನ್ ನೆಲಕ್ಕೆ ತಂದರು. 296 ಜನರಲ್ಲಿ 184 ಜನ ಉಳಿದರು. ಕಾಕ್‌ಪಿಟ್‌ನಲ್ಲಿದ್ದ ಎಲ್ಲರ ಸಲಹೆ ಕೇಳಿದರು, ಪ್ರಯಾಣಿಕನಾಗಿ ಬಂದಿದ್ದ ಇನ್ನೊಬ್ಬ ಪೈಲಟ್‌ನನ್ನೂ ಒಳಗೆ ಕರೆದು ಕೆಲಸ ಕೊಟ್ಟರು. ತನ್ನೊಬ್ಬನಿಂದ ಆದದ್ದಲ್ಲ, ಎಲ್ಲರ ಮಾತು ಕೇಳಿ ಕೆಲಸ ಮಾಡಲು ಕಲಿಸುವ ಆ ತರಬೇತಿಯಿಂದ ಆದದ್ದು ಅಂತ ಅವರೇ ಆಮೇಲೆ ಊರೂರಿಗೆ ಹೋಗಿ ಹೇಳಿದರು. ಹಾಗೆ ಹೇಳಿದ್ದರಿಂದ ಅವರ ಹಿರಿತನಕ್ಕೆ ಏನೂ ಕಡಿಮೆಯಾಗಲಿಲ್ಲ.

‘ಎಲ್ಲರಿಗೂ ತಡೆಯುವ ಅಧಿಕಾರ ಕೊಟ್ಟರೆ ಕೆಲಸವೇ ಆಗುವುದಿಲ್ಲ’ ಅನ್ನುವವರೂ ಇದ್ದಾರೆ. ನಾನು ಕೇಳುತ್ತಿರುವುದು ಎಲ್ಲದಕ್ಕೂ ಅಲ್ಲ. ಯಾವ ಆಪರೇಷನ್ ಮಾಡಬೇಕು, ಹೇಗೆ ಮಾಡಬೇಕು ಅನ್ನುವುದು ನಿಮ್ಮದು. ನಾವು ಬಾಯಿ ಹಾಕುವುದಿಲ್ಲ. ಆದರೆ ಮಾಪ್, ಸೂಜಿ, ಉಪಕರಣಗಳ ಲೆಕ್ಕ ತಾಳೆಯಾಗದಿದ್ದರೆ, ರೋಗಿ ಅಥವಾ ಆಪರೇಷನ್ ಆಗಬೇಕಾದ ಕಡೆ ತಪ್ಪಿದೆ ಅಂತ ಕಂಡರೆ, ಔಷಧಿ ಬೇರೆಯದು ಅಂತ ಗೊತ್ತಾದರೆ, ಯಾರು ಹೇಳಿದರೂ ಕೈ ನಿಲ್ಲಬೇಕು. ಮೊನ್ನೆ ಸೇರಿದ ಹುಡುಗಿ ಹೇಳಿದರೂ ನಿಲ್ಲಬೇಕು. ಲೆಕ್ಕ ಸಿಗದಿದ್ದರೆ ಟೇಬಲ್ ಮೇಲೆಯೇ ಎಕ್ಸ್‌ರೇ ಆಗಬೇಕು. ಇದು ನಿಮ್ಮ ಒಳ್ಳೆಯತನದ ಮೇಲೆ ನಿಂತಿರಬಾರದು. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ, ಮೆಡಿಕಲ್ ಸೂಪರಿಂಟೆಂಡೆಂಟ್ ಸಹಿ ಹಾಕಿ, ಕನ್ನಡದಲ್ಲಿ ಬರೆದು ಓಟಿ ಗೋಡೆ ಮೇಲೆ ಇರಬೇಕು. ಹೇಳಿದವಳ ಲೆಕ್ಕ ತಪ್ಪಾಗಿದ್ದರೂ ಅವಳಿಗೆ ಮೆಮೋ ಇಲ್ಲ ಅನ್ನುವ ಸಾಲೂ ಅದರಲ್ಲೇ ಇರಬೇಕು. ಹೇಳುವ ಮಾತೂ ಮೊದಲೇ ಗೊತ್ತಾಗಿರಲಿ. ‘ಸರ್, ನಿಲ್ಲಿಸಿ, ಲೆಕ್ಕ ಸರಿ ಇಲ್ಲ.’ ಅಷ್ಟೇ. ಇದನ್ನು ತರಬೇತಿಯಲ್ಲಿ ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿ, ನೀವೇ ಎದುರಿಗೆ ನಿಂತು ಹೇಳಿಸಿಕೊಳ್ಳಿ. ನಗು ಬರುತ್ತದೆ, ಮುಜುಗರ ಆಗುತ್ತದೆ, ಆಗಲಿ.

ಇಂಥ ನಿಯಮ ಬರೆದು ಹಾಕಿರುವ ಆಸ್ಪತ್ರೆ ನಿಮ್ಮದಾಗಿದ್ದರೆ ದಯವಿಟ್ಟು ಅದರ ಒಂದು ಪ್ರತಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿ. ಪ್ರಿಂಟ್ ತೆಗೆದು ನಮ್ಮ ಸೂಪರಿಂಟೆಂಡೆಂಟ್ ಟೇಬಲ್ ಮೇಲೆ ಇಡುತ್ತೇನೆ. ಸಹಿ ಮಾಡಲು ಜಾಗ ಬಿಟ್ಟಿರುತ್ತೇನೆ.

ಇಂತಿ,
ಮಂಗಳೂರಿನ ಒಬ್ಬ ಓಟಿ ನರ್ಸ್